ಹತ್ತು ಸಾವಿರದ ಏಳು ಕಾಯಿ

ನಮ್ಮ ಸೀಮೆಯಲ್ಲಿ ಶುಭಕಾರ್ಯಕ್ಕೆ ಯಾರೂ ನೂರು ಕೊಡುವುದಿಲ್ಲ, ನೂರೊಂದು ಕೊಡುತ್ತಾರೆ. ಸಾವಿರ ಕೊಡುವಷ್ಟು ಕೈ ದೊಡ್ಡದಿದ್ದವರು ಸಾವಿರದೊಂದು ಕೊಡುತ್ತಾರೆ. ಆ ಮೇಲಿನ ಒಂದು ಯಾಕೆ ಅಂತ ಕೇಳಿದರೆ, ತಿಪಟೂರಿನ ಕೊಬ್ಬರಿ ಮಂಡಿಯವರಿಂದ ಹಿಡಿದು ತುರುವೇಕೆರೆ ಬಸ್‌ಸ್ಟ್ಯಾಂಡಿನ ಹೂವಿನವಳವರೆಗೆ ಎಲ್ಲರ ಉತ್ತರವೂ ಒಂದೇ. ಒಂದು ಸೇರಿಸಿದರೆ ಲೆಕ್ಕ ಭಾಗ ಆಗುವುದಿಲ್ಲ. ಭಾಗ ಆಗದ ಲೆಕ್ಕ ಕೊಟ್ಟರೆ ತೆಗೆದುಕೊಂಡವರ ಮನೆಯೂ ಭಾಗ ಆಗುವುದಿಲ್ಲ.

ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ನಾನು ಈ ನಂಬಿಕೆಯನ್ನು ಶ್ರದ್ಧೆಯಿಂದ ಪರೀಕ್ಷಿಸಿದ್ದೇನೆ. ಹನ್ನೊಂದಕ್ಕೂ ನೂರೊಂದಕ್ಕೂ ನನ್ನ ಪೂರ್ಣ ಬೆಂಬಲವಿದೆ. ಅವು ಅವಿಭಾಜ್ಯ ಸಂಖ್ಯೆಗಳು. ಒಂದರಿಂದ ಮತ್ತು ತಮ್ಮಿಂದ ಬಿಟ್ಟರೆ ಬೇರೆ ಯಾರಿಂದಲೂ ಶೇಷವಿಲ್ಲದಂತೆ ಭಾಗಿಸಿಕೊಳ್ಳುವುದಿಲ್ಲ. ಸಾವಿರದೊಂದರ ಮಾತು ಬೇರೆ. ಅದು ಏಳು, ಹನ್ನೊಂದು, ಹದಿಮೂರು ಎಂದು ಮೂರು ಕಡೆ ಬಿರುಕು ಬಿಟ್ಟ ಮಡಕೆ. ಸಾವಿರದೊಂದು ಉಡುಗೊರೆ ಪಡೆದ ದಂಪತಿಗಳು ನಮ್ಮಲ್ಲಿ ಚೆನ್ನಾಗಿಯೇ ಬಾಳುತ್ತಿದ್ದಾರೆ ಅನ್ನುವುದು ನಿಜ. ಅವರು ಯಾರೂ ಭಾಗಿಸಿ ನೋಡಿಲ್ಲ ಅನ್ನುವುದೇ ಅದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ.

ಕಳೆದ ವರ್ಷ ನಮ್ಮ ಮಗಳ ಮದುವೆ ನಿಶ್ಚಯವಾದಾಗ ಈ ವಿಷಯ ಬರೀ ಅಭಿಪ್ರಾಯವಾಗಿ ಉಳಿಯಲಿಲ್ಲ.

ನನ್ನ ಹೆಂಡತಿಯ ತವರು ಶೆಟ್ಟಿಕೆರೆ. ಅವಳಿಗೆ ಒಬ್ಬನೇ ತಮ್ಮ. ಅಕ್ಕ ತಮ್ಮ ಮಾತು ಬಿಟ್ಟು ಕೆಲವು ವರ್ಷಗಳಾಗಿದ್ದವು, ಕಾರಣ ಒಂದು ತೆಂಗಿನ ಮರ. ಮಾವನವರು ತೀರಿಕೊಂಡ ಮೇಲೆ ತೋಟ ಎರಡು ಪಾಲಾಯಿತು. ಮರಗಳ ಸಂಖ್ಯೆ ಬೆಸ. ಬೆಸ ಸಂಖ್ಯೆಯನ್ನು ಎರಡು ಪಾಲು ಮಾಡಿದರೆ ಒಂದು ಉಳಿಯುತ್ತದೆ ಅನ್ನುವುದನ್ನು ಚಿಕ್ಕ ಮಕ್ಕಳಿಗೂ ಕಲಿಸುತ್ತಾರೆ. ಉಳಿದ ಆ ಒಂದು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಯಾವ ತರಗತಿಯಲ್ಲೂ ಕಲಿಸುವುದಿಲ್ಲ. ಇಲ್ಲಿ ಅದು ಸರಿಯಾಗಿ ಬದುವಿನ ಮೇಲೆ ನಿಂತಿತ್ತು. ಇಬ್ಬರಿಗೂ ಇರಲಿ ಅಂತ ನನ್ನ ಹೆಂಡತಿ. ಮೊದಲು ಹೂಂ ಅಂದಿದ್ದ ತಮ್ಮ ಅಳತೆಯ ದಿನ ಬೇರುಗಳೆಲ್ಲ ನನ್ನ ಕಡೆಗಿವೆ ಅಂದ. ಅಳತೆಗೆ ಬಂದಿದ್ದ ಮೋಜಣಿದಾರ ಬೇರು ಅಗೆದು ನೋಡಲು ಒಪ್ಪಲಿಲ್ಲ. ಅಂದಿನಿಂದ ಆ ಮರಕ್ಕೆ ಎರಡು ಕಡೆಯವರೂ ಯಾರನ್ನೂ ಹತ್ತಿಸಿಲ್ಲ. ಕಾಯಿ ತಾವಾಗಿ ಬಲಿತು ತಾವಾಗಿ ಬೀಳುತ್ತವೆ, ದಾರಿಯಲ್ಲಿ ಹೋಗುವವರು ಎತ್ತಿಕೊಂಡು ಹೋಗುತ್ತಾರೆ. ಆ ವಿವಾದದಿಂದ ಪ್ರಯೋಜನ ಪಡೆದವರು ಅವರಷ್ಟೇ.

ಮದುವೆಯಲ್ಲಿ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಈ ಸೋದರಮಾವನನ್ನು ಕರೆಯುವುದೋ ಬೇಡವೋ ಅನ್ನುವುದೇ ನಮ್ಮ ಮನೆಯಲ್ಲಿ ಇತ್ಯರ್ಥವಾಗಿರಲಿಲ್ಲ. ದಾಯಾದಿ ತಮ್ಮಂದಿರಲ್ಲಿ ಯಾರಾದರೊಬ್ಬರು ನಿಂತುಕೊಳ್ಳುತ್ತಾರೆ ಬಿಡಿ ಅಂತ ಹೆಂಡತಿ ಅಂದಳು. ಮಗಳು ಅದಕ್ಕೆ ಒಪ್ಪಲಿಲ್ಲ. ಮಾವ ಬಂದರೆ ಮಾವನ ಕೈ, ಬರದಿದ್ದರೆ ಯಾರ ಕೈಯೂ ಬೇಡ, ಒಬ್ಬಳೇ ನಡೆದುಕೊಂಡು ಬರುತ್ತೇನೆ ಅಂತ ಅವಳ ತೀರ್ಪು. ಅವಳು ತಾಯಿಯ ಮಗಳೇ ಅನ್ನುವುದರಲ್ಲಿ ನನಗೆ ಎಂದೂ ಸಂದೇಹವಿರಲಿಲ್ಲ.

ಹೀಗಿರುವಾಗ ಬಾಮೈದ ನನಗೆ ಫೋನು ಮಾಡಿದ. ತಾಂಬೂಲದ ಕಾಯಿ ಅಷ್ಟೂ ತನ್ನದು, ಬೇರೆ ಕಡೆ ಹೇಳಬೇಡಿ ಅಂದ. ನಮ್ಮ ಕಡೆ ಮದುವೆಗೆ ಬಂದವರನ್ನು ಚೀಲದಲ್ಲಿ ಒಂದು ತೆಂಗಿನಕಾಯಿ ಇಡದೆ ಕಳಿಸುವಂತಿಲ್ಲ. ಕೊಬ್ಬರಿ ಸೀಮೆಯ ಮದುವೆಗೆ ಕರೆದವರಷ್ಟೇ ಬರುವುದೂ ಇಲ್ಲ. ಹಾಗಾಗಿ ಅದು ಸಣ್ಣ ಮಾತಲ್ಲ. ಎಷ್ಟು ಕಾಯಿ ಅಂತ ಕೇಳಿದೆ. ಅದನ್ನು ಹೇಳಲಿಲ್ಲ.

“ಭಾಗ ಆಗ್ದಿರೋ ಲೆಕ್ಕದ ಕಾಯಿ ತತ್ತೀನಿ ಭಾವ,” ಅಂದ. “ಭಾಗದಿಂದ ಕೆಟ್ಟಿದ್ದು ಹಿಂಗಾದ್ರೂ ಸರಿ ಹೋಗ್ಲಿ. ಅಕ್ಕಂಗೆ ಹಂಗೇ ಹೇಳಿ.”

ನಾನು ಹಾಗೇ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಬಹಳ ಹೊತ್ತು ಆರಿಸುತ್ತಲೇ ಇದ್ದಳು. ಕೊನೆಗೆ, ತರಲಿ, ಎಣಿಸಿಕೊಂಡು ತೆಗೆದುಕೊಳ್ಳೋಣ ಅಂದಳು. ಲೆಕ್ಕ ಅವನು ಹೇಳಿದ ಹಾಗೆ ಇದ್ದರೆ ಒಳಗೆ ಬರಲಿ, ಮಂಟಪಕ್ಕೂ ಬರಲಿ. ಇಲ್ಲದಿದ್ದರೆ ಕಾಯಿ ಇಳಿಸಿ ಹೋಗಲಿ.

ಮದುವೆಗೆ ಎರಡು ದಿನ ಮುಂಚೆ ಬೆಳಿಗ್ಗೆ ಲಾರಿ ಬಂತು. ಜುಟ್ಟು ಬಿಟ್ಟು ಸುಲಿದ ಒಳ್ಳೆಯ ಕಾಯಿ, ಒಂದಕ್ಕಿಂತ ಒಂದು ದುಂಡಗೆ. ಬಾಮೈದ ಗೇಟಿನ ಹೊರಗೆ ಲಾರಿಗೆ ಒರಗಿ ನಿಂತ. ನನ್ನ ಹೆಂಡತಿ ಜಗಲಿಯ ಮೇಲೆ ಸೆರಗು ಸುತ್ತಿಕೊಂಡು ನಿಂತಳು. ನಡುವಿನ ಅಂಗಳದಲ್ಲಿ ನಾನು.

ಎಣಿಸುವ ಆಳುಗಳು ಮೊದಲ ಕಾಯಿಗೆ ಒಂದು ಅನ್ನಲಿಲ್ಲ, ಲಾಭ ಅಂದರು. ಒಂದು ಅನ್ನುವುದು ನಮ್ಮ ವ್ಯಾಪಾರದವರಿಗೆ ಆಗದು. ಲಾಭ, ಎರಡು, ಮೂರು ಅಂತಲೇ ಹೋಗಬೇಕು. ಈ ವಿಷಯದಲ್ಲಿ ಮಂಡಿಯವರಿಗೂ ಗಣಿತಜ್ಞರಿಗೂ ಭಿನ್ನಾಭಿಪ್ರಾಯವಿಲ್ಲ. ಒಂದರಿಂದಲೂ ತನ್ನಿಂದಲೂ ಮಾತ್ರ ಭಾಗವಾಗುತ್ತೇನೆ, ನನ್ನನ್ನೂ ಅವಿಭಾಜ್ಯರ ಪಂಕ್ತಿಯಲ್ಲಿ ಕೂರಿಸಿ ಅಂತ ಒಂದು ಅನ್ನುವ ಸಂಖ್ಯೆ ಬಹಳ ಕಾಲ ಕಾಡಿದೆ. ಅದನ್ನು ಕೂರಿಸಿದರೆ ಮುಂದಿನ ಲೆಕ್ಕವೆಲ್ಲ ಗೊಂದಲವಾಗುತ್ತದೆಂದು ಗಣಿತಜ್ಞರು ಅದನ್ನು ಎಬ್ಬಿಸಿ ಕಳಿಸಿದ್ದಾರೆ. ನಮ್ಮವರು ಅದಕ್ಕೆ ಲಾಭ ಅಂತ ಬಿರುದಾದರೂ ಕೊಟ್ಟರು.

ನೂರು ಕಾಯಿಗೊಂದು ಗುಡ್ಡೆ ಹಾಕುತ್ತ ಬಂದರು. ಅಂಗಳ ತುಂಬಿತು, ಹಿತ್ತಲ ಓಣಿಯೂ ತುಂಬಿತು. ನೂರು ಗುಡ್ಡೆಯಾದಾಗ ಲಾರಿ ಖಾಲಿ. ಬಾಮೈದ ಡ್ರೈವರ್ ಸೀಟಿನ ಪಕ್ಕದಿಂದ ಇನ್ನೊಂದು ಕಾಯಿ ತೆಗೆದ. ಅದಕ್ಕೆ ಅರಿಶಿನ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಬೇರೆಯಾಗಿ ತಂದಿದ್ದ. ಎರಡು ಕೈಯಲ್ಲಿ ಹಿಡಿದು ಗೇಟಿನ ಹತ್ತಿರ ಬಂದ.

“ಹತ್ತು ಸಾವಿರದೊಂದು, ಅಕ್ಕ. ಭಾಗ ಆಗಲ್ಲ.”

ಹೆಂಡತಿಯ ಮುಖ ನಾನು ನೋಡುತ್ತಿದ್ದೆ. ಸೆರಗಿನ ಹಿಡಿತ ಸಡಿಲವಾಯಿತು. ಆಳುಗಳಿಗೆ ನೀರು ಮಜ್ಜಿಗೆ ಕೊಡು ಅಂತ ಒಳಗಿದ್ದ ಮಗಳನ್ನು ಕೂಗಿದಳು. ಇನ್ನೊಂದು ಕ್ಷಣ ಕಳೆದಿದ್ದರೆ ಗೇಟು ತೆರೆಯುತ್ತಿತ್ತು.

“ಎಪ್ಪತ್ತಮೂರಕ್ಕೆ ಆಗುತ್ತೆ ಕಣಪ್ಪ,” ಅಂದೆ ನಾನು.

ಈ ಮಾತನ್ನು ಆಗ ಹೇಳಬಾರದಿತ್ತು ಅಂತ ಆಮೇಲೆ ಅನೇಕರು ನನಗೆ ತಿಳಿಸಿಕೊಟ್ಟರು. ಯಾವಾಗ ಹೇಳಬಹುದಿತ್ತು ಅಂತ ಮಾತ್ರ ಯಾರೂ ತಿಳಿಸಲಿಲ್ಲ. ಹತ್ತು ಸಾವಿರದೊಂದು ಅಂದರೆ ಎಪ್ಪತ್ತಮೂರು ಇಂಟು ನೂರಮೂವತ್ತೇಳು. ಗಣಿತದ ಮೇಷ್ಟರುಗಳಿಗೆ ಇದು ಪಕ್ಕದ ಮನೆಯ ಸಮಾಚಾರದಷ್ಟು ಪರಿಚಿತ. ಭಾಗವಾಗುವ ಸಂಖ್ಯೆಯನ್ನು ಕಣ್ಣೆದುರಿಗೇ ಭಾಗವಾಗದು ಅಂತ ಮಗಳ ಮದುವೆಗೆ ಒಪ್ಪಿಸುತ್ತಿರುವಾಗ ಸುಮ್ಮನಿರುವುದಾದರೆ, ಅಷ್ಟು ವರ್ಷ ಸಂಬಳ ತೆಗೆದುಕೊಂಡದ್ದಕ್ಕೆ ಅರ್ಥವಿಲ್ಲ.

ಬಾಮೈದನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನ್ಯಾಯವಾದ ಪ್ರಶ್ನೆಯನ್ನೇ ಕೇಳಿದ.

“ಎಪ್ಪತ್ಮೂರು ಜನ ಯಾವ ಕಾಲಕ್ಕೆ ಭಾಗಕ್ಕೆ ಬತ್ತಾರೆ ಭಾವ? ಎರಡಕ್ಕೆ ಆಗಲ್ಲ, ಮೂರಕ್ಕೆ ಆಗಲ್ಲ. ಅಷ್ಟು ಸಾಲ್ದಾ?”

ಬರುತ್ತಾರೋ ಇಲ್ಲವೋ ಅದು ಗಣಿತದ ಪ್ರಶ್ನೆಯಲ್ಲ, ಬಂದರೆ ತಲೆಗೆ ನೂರಮೂವತ್ತೇಳು ಕಾಯಿಯಂತೆ ಹೊತ್ತುಕೊಂಡು ಹೋಗಬಹುದು, ಅಂಗಳದಲ್ಲಿ ಒಂದೂ ಉಳಿಯದು, ಅಂತ ವಿವರಿಸಿದೆ. ಮಗಳು ಮಜ್ಜಿಗೆಯ ಚೊಂಬು ಕೆಳಗಿಟ್ಟು ಫೋನಿನಲ್ಲಿ ಗುಣಿಸಿ ನೋಡಿದಳು. ಅಪ್ಪ ಹೇಳಿದ್ದು ಸರಿ ಅಂತ ಸಣ್ಣ ದನಿಯಲ್ಲಿ ಅಂದಳು. ನಾನು ಸರಿ ಎಂದು ಇಷ್ಟು ದುಃಖದಿಂದ ಯಾರೂ ಒಪ್ಪಿದ್ದಿಲ್ಲ.

ಹೆಂಡತಿ ಮತ್ತೆ ಸೆರಗು ಸುತ್ತಿಕೊಂಡಳು.

“ಭಾಗ ಆಗ್ದಿರೋದು ತತ್ತೀನಿ ಅಂದೋನು ನೀನು. ನಾನೇನ್ ಕೇಳಿದ್ನಾ? ಅವತ್ತೂ ಬಾಯಲ್ಲಿ ಒಂದು, ಬದುವಿನ ಮೇಲೆ ಒಂದು. ಇವತ್ತೂ ಅದೇ ಆಯ್ತು.”

ಅವನು ಅರಿಶಿನದ ಕಾಯಿಯನ್ನು ಗೇಟಿನ ಕಂಬದ ಮೇಲಿಟ್ಟು, ಲಾರಿ ತಿರುಗಿಸು ಅಂತ ಡ್ರೈವರಿಗೆ ಕೈ ಮಾಡಿದ. ಕಾಯಿ ಬಿಟ್ಟು ಹೋಗುವವನಿದ್ದ. ಮಗಳು ನನ್ನ ಕಡೆ ನೋಡಿದಳು. ಗಣಿತದಿಂದ ಒಡೆದದ್ದನ್ನು ಗಣಿತದಿಂದಲೇ ಕೂಡಿಸಬೇಕು ಅನ್ನುವುದು ಆ ನೋಟದಲ್ಲಿ ಸ್ಪಷ್ಟವಾಗಿತ್ತು. ನನಗೆ ಅದರಲ್ಲಿ ಅಳುಕೇನೂ ಇರಲಿಲ್ಲ.

ನಿಲ್ಲಪ್ಪ ಅಂತ ಕೂಗಿ, ಎರಡು ದಾರಿ ಇವೆ ಅಂದೆ. ಇಪ್ಪತ್ತೆಂಟು ಕಾಯಿ ವಾಪಸ್ಸು ತೆಗೆದುಕೊಂಡರೆ ಒಂಬತ್ತು ಸಾವಿರದ ಒಂಬೈನೂರ ಎಪ್ಪತ್ತಮೂರು ಉಳಿಯುತ್ತದೆ. ನಾಲ್ಕು ಅಂಕಿಯವರಲ್ಲಿ ಅದೇ ಕೊನೆಯ ಅವಿಭಾಜ್ಯ, ಬಹಳ ಘನವಾದ ಸಂಖ್ಯೆ. ಕೊಟ್ಟ ಕಾಯಿಯನ್ನು ವಾಪಸ್ಸು ಎತ್ತಿಕೊಂಡು ಹೋಗುವ ವಂಶ ತಮ್ಮದಲ್ಲ ಅಂತ ಅವನು ಅಲ್ಲಿಂದಲೇ ಹೇಳಿದ. ಅದನ್ನು ಅಕ್ಕನೂ ತಲೆಯಾಡಿಸಿ ಒಪ್ಪಿದ್ದು ನನ್ನ ಗಮನಕ್ಕೆ ಬಂತು. ಹಾಗಾದರೆ ಎರಡನೆಯ ದಾರಿ: ಆರು ಸೇರಿಸಿ. ಹತ್ತು ಸಾವಿರದ ಏಳು. ಐದು ಅಂಕಿಯವರಲ್ಲಿ ಅದೇ ಮೊದಲನೆಯ ಅವಿಭಾಜ್ಯ. ಅದನ್ನು ಯಾರೂ ಭಾಗ ಮಾಡಲಾರರು.

ಇದೊಂದು ದೊಡ್ಡ ಸಂಖ್ಯೆಯೇ ಅಂತ ಓದುಗರು ಕೇಳಬಹುದು. ಇವತ್ತು ಕಂಪ್ಯೂಟರುಗಳು ಕೋಟಿಗಟ್ಟಲೆ ಅಂಕಿಗಳಿರುವ ಅವಿಭಾಜ್ಯಗಳನ್ನು ಹಿಡಿದು ತಂದಿವೆ ಅನ್ನುವುದು ನನಗೂ ಗೊತ್ತು. ಆದರೆ ಅವನ್ನು ಯಾರೂ ಲಾರಿಯಿಂದ ಇಳಿಸಿಲ್ಲ.

“ಭಾಗ ಆಗಲ್ಲ ಅಂತ ಅವನೂ ಹೇಳ್ದ,” ಅಂದಳು ಹೆಂಡತಿ. “ನೀವೂ ಹೇಳ್ತಿದ್ದೀರಿ. ಮಾಡಿ ತೋರ್ಸಿ.”

ಮಗಳು ಫೋನು ಎತ್ತಿದಳು. ಫೋನು ಬೇಡ, ಕೈಯಲ್ಲಿ ಮಾಡಲಿ, ನಾನು ನೋಡಬೇಕು ಅಂದಳು ತಾಯಿ. ನಮ್ಮ ದಾಂಪತ್ಯದಲ್ಲಿ ಅವಳು ನನ್ನ ಪಾಠ ಕೇಳಲು ನಿಂತದ್ದು ಅದೇ ಮೊದಲು. ಸೀಮೆಸುಣ್ಣ ತರಿಸಿಕೊಂಡು ಜಗಲಿಯ ಕೆಂಪು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಆಳುಗಳು ಮಜ್ಜಿಗೆ ಹಿಡಿದು ಸುತ್ತ ನಿಂತರು. ಬಾಮೈದ ಗೇಟಿನ ಸರಳಿಗೆ ಮುಖ ಒತ್ತಿ ನಿಂತ.

ಮೊದಲು ನಿಯಮ ಹೇಳಿದೆ. ಎರಡು ಸಂಖ್ಯೆಗಳನ್ನು ಗುಣಿಸಿದಾಗ ಹತ್ತು ಸಾವಿರದ ಏಳು ಬರಬೇಕಾದರೆ, ಎರಡೂ ನೂರನ್ನು ದಾಟಿರಲು ಸಾಧ್ಯವಿಲ್ಲ. ನೂರೊಂದನ್ನು ನೂರೊಂದರಿಂದ ಗುಣಿಸಿದರೇ ಹತ್ತು ಸಾವಿರದ ಇನ್ನೂರೊಂದಾಗಿ ಗಡಿ ಮೀರುತ್ತದೆ. ಹಾಗಾಗಿ ಭಾಗ ಮಾಡುವ ಈ ಇಬ್ಬರು ಕಳ್ಳರಲ್ಲಿ ಒಬ್ಬನಾದರೂ ನೂರರ ಒಳಗೇ ಇರಬೇಕು. ನೂರರ ಒಳಗಿನ ಅವಿಭಾಜ್ಯಗಳು ಇಪ್ಪತ್ತೈದು. ಆ ಇಪ್ಪತ್ತೈದು ಮನೆ ಹುಡುಕಿದರೆ ಸಾಕು, ಊರೆಲ್ಲ ಎಬ್ಬಿಸಬೇಕಾಗಿಲ್ಲ.

ಎರಡೂ ಐದೂ ಕೊನೆಯ ಅಂಕಿ ನೋಡಿಯೇ ಹಿಂದಿರುಗಿದವು. ಅಂಕಿಗಳನ್ನು ಕೂಡಿದರೆ ಎಂಟು, ಅದು ಮೂರರ ಮಗ್ಗಿಯಲ್ಲಿಲ್ಲ, ಮೂರೂ ಹೋಯಿತು. ಏಳರಿಂದ ಭಾಗಿಸಿದೆ, ನಾಲ್ಕು ಉಳಿಯಿತು. ಹನ್ನೊಂದಕ್ಕೆ ಎಂಟು, ಹದಿಮೂರಕ್ಕೆ ಹತ್ತು. ಉಳಿಯಲಿ, ಉಳಿಯಲಿ ಅಂತ ಒಬ್ಬ ಆಳು ಗೊಣಗುತ್ತಿದ್ದ. ಭಾಗಾಕಾರದಲ್ಲಿ ಶೇಷ ಬರಲೆಂದು ಹಾರೈಸಿದ ಜನವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನ್ನ ವಿದ್ಯಾರ್ಥಿಗಳೆಲ್ಲ ಶೇಷ ಬಂದರೆ ಉತ್ತರ ತಪ್ಪಾಯಿತೆಂದೇ ಅಳಿಸುತ್ತಿದ್ದರು. ಇಪ್ಪತ್ತಮೂರು ಎರಡೇ ಕಾಯಿ ಉಳಿಸಿತು. ಇಪ್ಪತ್ತೊಂಬತ್ತೂ ಎರಡೇ ಉಳಿಸಿತು. ಎರಡೇನಾ ಅಂತ ಹೆಂಡತಿ ಬಗ್ಗಿದಳು. ಒಂದು ಉಳಿದರೂ ಭಾಗವಾಗಲಿಲ್ಲವೆಂದೇ ಲೆಕ್ಕ ಅಂತ ಸಮಾಧಾನ ಹೇಳಿದೆ. ನಲವತ್ತೊಂದಕ್ಕೂ ಅರವತ್ತೊಂದಕ್ಕೂ ಮೂರು ಮೂರು. ಎಪ್ಪತ್ತೊಂದಕ್ಕೆ ನಾಲ್ಕೇ ಕಾಯಿ ಸಾಲದೆ ಬಂತು.

ಎಪ್ಪತ್ತಮೂರರ ಮನೆ ಬಂದಾಗ ಎಲ್ಲರೂ ಬಗ್ಗಿ ನೋಡಿದರು. ಅದು ಎಲ್ಲರಿಗೂ ಗೊತ್ತಿದ್ದ ಕಳ್ಳ. ಭಾಗಿಸಿದೆ, ಆರು ಉಳಿಯಿತು.

“ಆ ಆರು ಯಾವು ಭಾವ?” ಅಂತ ಗೇಟಿನ ಕಡೆಯಿಂದ ಬಾಮೈದ ಕೇಳಿದ.

“ನಿನ್ನವೆಲ್ಲ ಎಪ್ಪತ್ತಮೂರರ ಪಾಲಿಗೆ ಹೋದವು. ಈಗ ಸೇರಿಸ್ತೀವಲ್ಲ, ಆ ಆರೇ ಉಳಿದಿರೋದು.”

ಅವನು ಸರಳು ಬಿಟ್ಟು ನೆಟ್ಟಗೆ ನಿಂತ. ಉಳಿದ ನಾಲ್ಕು ಮನೆಗಳನ್ನೂ ಹುಡುಕಿ, ತೊಂಬತ್ತೇಳಕ್ಕೆ ಹದಿನಾರು ಶೇಷ ಬರೆದು, ಕೆಳಗೆ ಗೆರೆ ಎಳೆದೆ. ಒಬ್ಬ ಆಳು ಚಪ್ಪಾಳೆ ತಟ್ಟಲು ಹೋಗಿ ಅಮ್ಮನವರ ಮುಖ ನೋಡಿ ಕೈ ಇಳಿಸಿದ.

ಹೆಂಡತಿಗೆ ಇನ್ನೊಂದು ಸಂದೇಹ. ಸುಮ್ಮನೆ ಏಳು ಯಾಕೆ, ಹತ್ತು ಸಾವಿರದ ಒಂಬತ್ತು ಆಗದೇ? ಒಂಬತ್ತು ಒಳ್ಳೆಯ ಅಂಕಿ. ಆಗಬಹುದು, ಅದೂ ಅವಿಭಾಜ್ಯವೇ ಅಂದೆ. ಹೀಗೆ ಎರಡರ ಅಂತರದಲ್ಲಿ ಹುಟ್ಟಿದ ಅವಿಭಾಜ್ಯಗಳಿಗೆ ಅವಳಿ ಅನ್ನುತ್ತಾರೆ. ಇಷ್ಟು ಹತ್ತಿರವಿದ್ದರೂ ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಒಂದು ಸಂಖ್ಯೆ ಕೂತೇ ಇರುತ್ತದೆ, ಮೂರು ಐದರ ಜೋಡಿಯೊಂದನ್ನು ಬಿಟ್ಟರೆ ಆ ನಡುವಿನದು ಯಾವಾಗಲೂ ಆರರಿಂದ ಭಾಗವಾಗುತ್ತದೆ.

“ನಡುವೆ ಕೂತೋರ ಹಣೇಬರಾನೇ ಅಷ್ಟು ಬುಡಿ,” ಅಂದಳು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ. “ಏಳೇ ಇರ್ಲಿ.”

ಬಾಮೈದ ಆಗಲೇ ಫೋನು ಕಿವಿಗಿಟ್ಟಿದ್ದ. ಶೆಟ್ಟಿಕೆರೆಯಿಂದ ಯಾರನ್ನಾದರೂ ಬೈಕಿನಲ್ಲಿ ಆರು ಕಾಯಿ ಕೊಟ್ಟು ಓಡಿಸಿ ಅಂತ ಹೇಳುತ್ತಿದ್ದ. ಆರೂ ದೊಡ್ಡವಿರಲಿ, ಜುಟ್ಟು ನೆಟ್ಟಗಿರಲಿ ಅಂತ ಆಜ್ಞೆ ಬೇರೆ. ನನ್ನ ಹೆಂಡತಿ ಸರಕ್ಕನೆ ತಿರುಗಿ ಒಳಗೆ ಹೋದಳು. ಮತ್ತೆ ಸಿಟ್ಟಾದಳೆಂದು ನಾನು ಭಾವಿಸಿದೆ. ಉಗ್ರಾಣದ ಬಾಗಿಲು ಕಿರುಗುಟ್ಟಿತು. ಮೊರದಲ್ಲಿ ಆರು ಕಾಯಿ ಹೊತ್ತು ಬಂದಳು. ನಮ್ಮ ಹಿತ್ತಲ ಮರದವು. ಸ್ವಲ್ಪ ಸಣ್ಣವು, ಒಂದಕ್ಕೆ ಜುಟ್ಟೂ ಸರಿಯಾಗಿಲ್ಲ.

“ಫೋನು ಇಡ್ಲಾ. ಆರು ಕಾಯಿಗೆ ಶೆಟ್ಟಿಕೆರೆ ತಂಕ ಹೋಗ್ಬೇಕಾ? ಈ ಮನೇಲಿ ಕಾಯಿಲ್ವಾ?”

ತಾನೇ ಮೆಟ್ಟಿಲಿಳಿದು ಕೊನೆಯ ಗುಡ್ಡೆಯ ಮೇಲೆ ಒಂದೊಂದಾಗಿ ಇಟ್ಟಳು. ನಾನು ಆ ಹೊತ್ತಿನಲ್ಲಿ ಒಂದು ಗಣಿತದ ಮಾತು ಹೇಳಬಹುದಿತ್ತು. ಅವನ ಹತ್ತು ಸಾವಿರದೊಂದು ಭಾಗವಾಗುವ ಸಂಖ್ಯೆ. ಅವಳ ಆರೂ ಭಾಗವಾಗುವ ಸಂಖ್ಯೆ, ಎರಡಕ್ಕೂ ಮೂರಕ್ಕೂ. ಭಾಗವಾಗುವ ಎರಡು ಕೂಡಿ ಭಾಗವಾಗದ ಒಂದು ಆಯಿತು. ಕೂಡುವುದಕ್ಕೂ ಗುಣಿಸುವುದಕ್ಕೂ ನಡುವಿನ ಈ ವ್ಯವಹಾರವನ್ನು ಇವತ್ತಿನವರೆಗೂ ಗಣಿತಜ್ಞರು ಪೂರ್ತಿ ಬಿಡಿಸಿಲ್ಲ. ಇದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಮಗಳು ನನ್ನ ತೋಳು ಹಿಡಿದುಕೊಂಡಿದ್ದಳು, ಸ್ವಲ್ಪ ಗಟ್ಟಿಯಾಗಿಯೇ.

ಹೆಂಡತಿ ಗೇಟಿನ ಚಿಲಕ ತೆಗೆದಳು.

“ಕಾಲು ತೊಳ್ಕೊಂಡು ಒಳಕ್ ಬಾ. ಬಿಸಿಲಾಗೆ ನಿಂತು ಮುಖ ನೋಡು ಹೆಂಗಾಗೈತೆ. ಮಂಟಪದಾಗೆ ಫೋಟೋ ತೆಗೆಯಲ್ವಾ?”

ಮದುವೆಯ ದಿನ ಅವನೇ ಅಕ್ಕನ ಮಗಳ ಕೈಹಿಡಿದು ಮಂಟಪಕ್ಕೆ ಕರೆತಂದ. ಫೋಟೋದಲ್ಲಿ ಮುಖ ಚೆನ್ನಾಗಿಯೇ ಬಂದಿದೆ. ಧಾರೆ ಮುಗಿದು ಜನ ಊಟದಿಂದ ಏಳತೊಡಗಿದಾಗ, ಅಕ್ಕ ತಮ್ಮ ಇಬ್ಬರೂ ಬಾಗಿಲ ಆಚೆ ಈಚೆ ನಿಂತು ತಾಂಬೂಲದ ಚೀಲ ಕೊಡತೊಡಗಿದರು. ನಾನು ಕುರ್ಚಿ ಎಳೆದುಕೊಂಡು ನೋಡುತ್ತ ಕೂತೆ. ಅವಿಭಾಜ್ಯ ಸಂಖ್ಯೆಗೆ ಎರಡೇ ದಾರಿ. ಅಷ್ಟನ್ನೂ ಒಬ್ಬರೇ ಇಟ್ಟುಕೊಳ್ಳಬೇಕು, ಇಲ್ಲವೇ ತಲೆಗೆ ಒಂದೊಂದರಂತೆ ಅಷ್ಟೇ ಜನಕ್ಕೆ ಹಂಚಬೇಕು. ಅಲ್ಲಿ ಎರಡನೆಯದು ನಡೆಯುತ್ತಿತ್ತು.

ಕಂದಿಕೆರೆ ಕಡೆಯ ಒಬ್ಬ ಅಜ್ಜಿ ಚೀಲ ತೆಗೆದುಕೊಂಡು ಇನ್ನೊಂದಕ್ಕೆ ಕೈ ಚಾಚಿತು. ಮನೆಯಲ್ಲಿ ಸೊಸೆ ಇದ್ದಾಳೆ, ಬರಲಾಗಲಿಲ್ಲ ಅಂತ ಕಾರಣವನ್ನೂ ಹೇಳಿತು.

“ತಲೆಗೊಂದೇ ಕಣಜ್ಜಿ,” ಅಂದಳು ನನ್ನ ಹೆಂಡತಿ. “ಎರಡು ಕೊಟ್ರೆ ನಮ್ಮನೆಯವರ ಲೆಕ್ಕ ಕೆಟ್ಟೋಯ್ತದೆ.”

ಅಜ್ಜಿ ನನ್ನ ಕಡೆ ಕೆಟ್ಟದಾಗಿ ನೋಡಿ ಮುಂದೆ ಸರಿಯಿತು. ಆಚೆ ಬದಿಯಲ್ಲಿ ನಿಂತಿದ್ದ ಬಾಮೈದ ಬೇರೆಲ್ಲೋ ನೋಡುತ್ತಾ ಇನ್ನೊಂದು ಚೀಲವನ್ನು ಅಜ್ಜಿಯ ಸೆರಗಿನೊಳಕ್ಕೆ ಜಾರಿಸಿದ. ಅದು ಅವನ ಅಕ್ಕನಿಗೆ ಕಂಡಿತು. ಅವಳು ಮುಂದೆ ಬಂದವರ ಕೈಗೆ ಚೀಲ ಕೊಟ್ಟಳು.